ತೊಂಬತ್ತು ಡಿಗ್ರಿಯಲ್ಲಿ ಒಗೆದ ಕರಡಿ

ಎಸ್‌ಬ್ಯಾರ್ಗ್ ಊರಿನ ಆಸ್ಪತ್ರೆ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ರೋಗಾಣುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಹಾಗಂತ ಮೊಮ್ಮಗಳ ಟೀಚರ್ ಹೆನ್ರಿಯೆಟಳ ಮುಖಕ್ಕೇ ಹೇಳಿಬಿಟ್ಟೆ. ಪಾಪ, ಅವಳು ಬಂದಿದ್ದು ಕ್ಲಾಸಿನ ಕರಡಿ ಕೊಡಲಿಕ್ಕೆ.

ಆ ಗೊಂಬೆ ಕರಡಿ ಪ್ರತಿ ಶುಕ್ರವಾರ ಒಂದೊಂದು ಮಗುವಿನ ಮನೆಗೆ ಹೋಗುತ್ತದೆ, ಜೊತೆಗೊಂದು ನೋಟ್‌ಬುಕ್ಕು. ಕರಡಿ ಎಲ್ಲಿ ಮಲಗಿತು, ಏನು ತಿಂದಿತು ಅಂತ ಅದರಲ್ಲಿ ಬರೆಯಬೇಕು. ಈ ಸಲ ನನ್ನ ಮೊಮ್ಮಗಳು ಡಾಗ್ನಿಯ ಸರದಿ. ಏಳು ವರ್ಷ, ರಕ್ತದ ಕ್ಯಾನ್ಸರ್. ಔಷಧಿಯಿಂದ ಮೈಯ ರೋಗನಿರೋಧಕ ಶಕ್ತಿಯೆಲ್ಲ ಸೋರಿಹೋಗಿ, ಒಂದು ನೆಗಡಿ ತಗುಲಿದರೂ ಆಸ್ಪತ್ರೆ ಸೇರಬೇಕು. ಅವಳ ಅಮ್ಮ, ನನ್ನ ಮಗಳು ಬೋಡಿಲ್, ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯ ತನಕ ಮನೆಯಲ್ಲಿ ನಾವಿಬ್ಬರೇ. ನಾಲ್ಕು ತಿಂಗಳಾಯಿತು.

"ಇಪ್ಪತ್ತೆರಡು ಮಕ್ಕಳ ಸಿಂಬಳ ಮೆತ್ಕೊಂಡಿರೋ ಕರಡಿನ ತಂದಿದೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ? ಇನ್ಮೇಲೆ ನಿಮ್ಮ ಶಾಲೆಯೋರು ಒಬ್ರೂ ಈ ಕಡೆ ತಲೆ ಹಾಕ್ಕೂಡದು!"

ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು. ನಾನು ಕರಡಿಯನ್ನು ಮಷಿನ್ನಿಗೆ ಹಾಕಿ ತೊಂಬತ್ತು ಡಿಗ್ರಿ ಬಿಸಿಯಲ್ಲಿ ಎರಡು ಸಲ ಒಗೆದೆ. ಒಂದು ಕಿವಿ ಕಿತ್ತುಬಂತು, ಉಣ್ಣೆಯೆಲ್ಲ ಗಂಟುಗಂಟಾಯಿತು. ಆದರೂ ಅದನ್ನು ಕಂಡು ಡಾಗ್ನಿಯ ಮುಖ ಇಷ್ಟಗಲವಾಯಿತು. ಅದರ ಹೊಟ್ಟೆಗೆ ಮೂಗು ಒತ್ತಿದಳು.

"ಅಜ್ಜಿ, ನಮ್ಮನೆ ಸೋಪಿನ ವಾಸನೆ ಇದು."

"ಕ್ಲೀನಾಗಿದೆ ಚಿನ್ನ."

"ಲಿವಾ ವಾಸನೆ ಇಲ್ಲ. ಯಾರೂ ಇಲ್ಲ ಇದ್ರಲ್ಲಿ."

ಲಿವಾ ಅವಳ ಕ್ಲಾಸಿನ ಗೆಳತಿ. ಗೋಡೆಗೆ ಮುಖ ಮಾಡಿ ಮಲಗಿದವಳು ಆಮೇಲೆ ಒಂದು ತುತ್ತೂ ಮುಟ್ಟಲಿಲ್ಲ. ಸೋಮವಾರ ಡಾಕ್ಟರಿಗೆ ಫೋನ್ ಮಾಡಿದೆ.

"ಬುಧವಾರದೊಳಗೆ ತಿನ್ನದಿದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ. ಮನಸ್ಸು ಸೋತ್ರೆ ಊಟ ಇಳಿಯಲ್ಲ, ಊಟ ಇಲ್ದೆ ಮೈಗೆ ಬಲ ಎಲ್ಲಿಂದ ಬರ್ಬೇಕು? ಅವಳ ಜೊತೆಯೋರು ಯಾರಾದ್ರೂ ಬರ್ತಾರಾ?"

"ಯಾರನ್ನೂ ಬಿಟ್ಕೊಂಡಿಲ್ಲ."

"ಒಳಗೆ ಬೇಡ ಅಂದಿದ್ದು ನಾವು. ಕಿಟಕಿಯಾಚೆ ನಿಲ್ಲೋಕೇನು ಅಡ್ಡಿ?"

ಹೋದ ಸಲ ಆ ಟ್ಯೂಬ್ ಹಾಕುವಾಗ ಮಗುವನ್ನು ಹಿಡಿದುಕೊಳ್ಳಲು ಮೂರು ಜನ ಬೇಕಾಗಿತ್ತು. ಅವರಲ್ಲಿ ಒಬ್ಬಳು ನಾನು.

ನೋಟ್‌ಬುಕ್ಕು ತೆರೆದೆ. "ಏನು ಬರೀಲಿ ಪುಟ್ಟಿ? ಕರಡಿ ಪ್ಯಾನ್‌ಕೇಕ್ ತಿಂತು ಅನ್ನೋಣ್ವಾ?"

"ಸುಳ್ಳು ಬರೀಬೇಡ. ಯಾರೂ ಬರ್ಲಿಲ್ಲ, ಅಷ್ಟೇ ಬರಿ."

ಹಾಗೆಯೇ ಬರೆದೆ. ಮಂಗಳವಾರ ಬೋಡಿಲ್ ಮಧ್ಯಾಹ್ನದ ತನಕ ರಜೆ ಹಾಕಿ ಮನೆಯಲ್ಲಿ ಉಳಿದಳು. ನಾನು ಎದುರುಗಾಳಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋದೆ. ಜನ್ಮದಲ್ಲೇ ಯಾರ ಕ್ಷಮೆಯನ್ನೂ ಕೇಳಿದವಳಲ್ಲ ನಾನು. ಹೆನ್ರಿಯೆಟಳ ಮುಂದೆ ಹೋಗಿ ನಿಂತೆ. ನೋಟ್‌ಬುಕ್ಕನ್ನೇ ಮುಂದೆ ಹಿಡಿದೆ. ಅವಳು ಆ ಪುಟ ಓದಿದಳು.

"ತಪ್ಪಾಯ್ತು ಕಣೆ," ಅಂದೆ. "ಲಿವಾನ ಕಳಿಸ್ತೀಯಾ? ಗಾಜಿನ ಆಚೆ ನಿಂತ್ರೂ ಸಾಕು."

"ನೀವು ಬೈಯಲ್ಲ ತಾನೆ?"

"ಬೈದ್ರೆ ನನ್ನ ಹೆಸ್ರು ರಿಗ್ಮೋರ್ ಅಲ್ಲ."

ಮಧ್ಯಾಹ್ನ ಹಳದಿ ರೇನ್‌ಕೋಟಿನ ಲಿವಾ ಬಂದಳು. ಅಂಗಳದ ಬಕೆಟ್ಟನ್ನು ಬೋರಲು ಹಾಕಿ, ಅಡುಗೆಮನೆ ಕಿಟಕಿಗೆ ಎದುರಾಗಿ ಕೂತು, ಬುತ್ತಿ ಡಬ್ಬಿ ಬಿಚ್ಚಿದಳು. ಡಾಗ್ನಿಯನ್ನು ಹೊದಿಕೆ ಸಮೇತ ಎತ್ತಿ ತಂದು ಕಿಟಕಿಯ ಒಳಗಡೆ ಕೂರಿಸಿ, ಮುಂದೆ ಬ್ರೆಡ್ಡಿನ ತಟ್ಟೆ ಇಟ್ಟೆ. ಲಿವಾ ಬಾಯಿ ಕಿಸಿದು ಹಲ್ಲು ಬಿದ್ದ ಜಾಗ ತೋರಿಸಿದಳು.

"ಥೂ, ರಕ್ತ ಬಂತಾ?" ಡಾಗ್ನಿ ಗಾಜಿಗೆ ಮುಖ ತಂದು ಕೂಗಿದಳು.

"ಬಕೆಟ್ ತುಂಬಾ!"

"ಬರೀ ಬುರುಡೆ!"

ಲಿವಾ ಬ್ರೆಡ್ ಕಚ್ಚಿದಳು. ಡಾಗ್ನಿಯೂ ತನ್ನ ತಟ್ಟೆಯಿಂದ ಒಂದು ತುಂಡು ಎತ್ತಿ ಕಚ್ಚಿದಳು. ನಾನು ಅವಳ ಗಂಟಲನ್ನೇ ನೋಡುತ್ತಾ ನಿಂತೆ. ನುಂಗಿದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಿ, ನೀನು ಆಚೆ ಹೋಗು. ನಾವು ಮಾತಾಡ್ಬೇಕು."

ನಾಲ್ಕು ತಿಂಗಳು ಅವಳಿಗೆ ನಾನು, ನನಗೆ ಅವಳು. ಬಟ್ಟೆ ಒಗೆಯುವ ಕೋಣೆಗೆ ಹೋಗಿ ಮಷಿನ್ ಎದುರು ಸ್ಟೂಲಿನ ಮೇಲೆ ಕೂತೆ. ಸಂತೋಷಕ್ಕೋ ಸಂಕಟಕ್ಕೋ, ಅಳು ಉಕ್ಕಿ ಬಂತು. ಗೋಡೆಯಾಚೆ ಇಬ್ಬರೂ ಕಿಲಕಿಲ ನಗುತ್ತಿದ್ದರು.

"ಅಜ್ಜೀ, ಇನ್ನೊಂದು ಬ್ರೆಡ್ಡು!"

ಓಡಿಹೋಗಿ ಕೊಟ್ಟೆ. ಅವಳು ತಿರುಗಿಯೂ ನೋಡಲಿಲ್ಲ. ವಾಪಸ್ಸು ಬಂದು ಬಾಗಿಲು ಹಾಕಿಕೊಂಡೆ.