ಮಂಗಳವಾರದ ಕತ್ತರಿ

ದ್ರೌಪದಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ದಮಯಂತಿ ಅವಳ ಕೈಗೆ ಚವರಿ ತುರುಕಿಯೇಬಿಟ್ಟರು.

“ಬಂದ್ಯಾ? ಒಳ್ಳೇದಾಯ್ತು ಮಾರಾಯ್ತಿ. ನಾನೇ ಹೇಳಿ ಕಳಿಸುವ ಅಂತಿದ್ದೆ. ಬೇಗ ಇದನ್ನು ಕಟ್ಟಿಬಿಡು. ಹನ್ನೊಂದಕ್ಕೆ ಭಟ್ರು ಬರ್ತಾರೆ, ಹನ್ನೆರಡಕ್ಕೆ ಗಾಡಿ.”

ನಾಲ್ಕು ಮಹಡಿ ಹತ್ತಿ ಬಂದ ದ್ರೌಪದಿಗೆ ಮೊದಲು ಉಸಿರು ತಿರುಗಬೇಕಿತ್ತು. ಕೈಯಲ್ಲಿದ್ದುದನ್ನು ಆಮೇಲೆ ನೋಡಿದಳು. ಮೊಳಕ್ಕೂ ಮಿಕ್ಕಿದ ಕಪ್ಪು ಚವರಿ, ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ದಮಯಂತಿ ಡೊಂಬಿವಲಿಯಿಂದ ಬರುವಾಗ ಸ್ಟೇಷನ್ನಿನ ಹೊರಗೆ ಕೊಂಡದ್ದಂತೆ. ವಾರಗಿತ್ತಿ ಸತ್ತ ಸುದ್ದಿ ಕೇಳಿ ಮನೆಬಿಟ್ಟ ಹೆಂಗಸಿಗೆ ತುಳಸಿಗಿಂತ ಮೊದಲು ಸುಳ್ಳು ಜಡೆ ನೆನಪಾಗಿತ್ತು.

ನಡುಮನೆಯಲ್ಲಿ ಚಾಪೆಯ ಮೇಲೆ ವೇದಾವತಿ ಮಲಗಿದ್ದರು. ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಬೆಳಿಗ್ಗೆ ಮನೆಗೆ ತಂದಿದ್ದರು. ಕುತ್ತಿಗೆಯವರೆಗೆ ಬಿಳಿ ಪಂಚೆ, ತಲೆಯ ಬಳಿ ದೀಪ. ಮಗ ರಂಜನ್ ಗೋಡೆಗೆ ಒರಗಿ ಕುಳಿತಿದ್ದ. ಸೊಸೆ ಮಾನಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದ್ರೌಪದಿ ಕಂಡದ್ದು ಕೂದಲನ್ನು ಮಾತ್ರ. ಎರಡು ತಿಂಗಳಿಂದ ಕತ್ತರಿ ಕಾಣದ ನರೆಗೂದಲು ಎರಡೂ ಕಿವಿಗಳ ಮೇಲೆ ಹತ್ತಿ ಕುಳಿತಿತ್ತು. ಬೆಳಗಿನಿಂದ ಬಾರದ ಅಳು ಅದನ್ನು ಕಂಡದ್ದೇ ನುಗ್ಗಿ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾ ಚವರಿ ಕಟ್ಟಾಕ ಬಂದಿಲ್ರಿ,” ಎಂದಳು. “ಕಟಿಂಗ್ ಮಾಡಾಕ ಬಂದೀನಿ.”

*

ಹನ್ನೊಂದು ವರ್ಷದ ಹಿಂದೆ, ಗಂಡ ತೀರಿಕೊಂಡ ಮರುವರ್ಷ, ವೇದಾವತಿ ಠಾಣೆ ಹತ್ತಿರದ ಐರೋಲಿಯ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದ್ದರು. ಸೊಂಟದವರೆಗಿನ ಜಡೆಯನ್ನು ಸುತ್ತಿ ಟೋಪಿಯೊಳಗೆ ತುರುಕಿ ಎಂಟು ಗಂಟೆ ಒಲೆಯ ಮುಂದೆ ನಿಲ್ಲಬೇಕು. ಕುತ್ತಿಗೆಯ ತುಂಬ ಬೆವರುಸಾಲೆ. ಒಂದು ಬೆಳಿಗ್ಗೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಆ ಜಡೆ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡಿತು. ವೇದಾವತಿ ಪ್ಲಾಟ್‌ಫಾರಂ ಮೇಲೆ, ಜಡೆ ಇನ್ನೂ ಗಾಡಿಯೊಳಗೆ. ನಾಲ್ಕು ಜನ ಕಿರುಚಿ, ಯಾರೋ ಜಿಪ್ಪು ಹರಿದು, ತಲೆ ಉಳಿಯಿತು. ಅಂದೇ ಸಂಜೆ ತೀರ್ಮಾನ ಮಾಡಿದರು: ಇದು ಹೋಗಬೇಕು.

ತೀರ್ಮಾನ ಸುಲಭವಾಗಿತ್ತು. ತಲೆ ಒಪ್ಪಿಸುವಂಥ ಕೈ ಸಿಗುವುದೇ ಈ ಊರಲ್ಲಿ ದೊಡ್ಡ ಪಾಡಾಯಿತು. ಒಂದು ಪಾರ್ಲರಿನವಳು “ಆಂಟಿ, ಘರ್ ಮೇ ಪೂಛಾ ಕ್ಯಾ?” ಎಂದು, ಮನೆಯವರನ್ನು ಕೇಳಿ ಬನ್ನಿ ಎನ್ನುವ ಹಾಗೆ ವಾಪಸ್ಸು ಕಳಿಸಿದಳು. ಇನ್ನೊಬ್ಬಳು, ಭುಜದವರೆಗಾದರೆ ಕತ್ತರಿಸುತ್ತೇನೆ, ಅದಕ್ಕಿಂತ ಗಿಡ್ಡ ಮಾಡಿದರೆ ನಿಮ್ಮ ವಯಸ್ಸಿಗೆ ಚೆನ್ನಾಗಿರುವುದಿಲ್ಲ ಎಂದು ತಾನೇ ತೀರ್ಪು ಕೊಟ್ಟಳು. ಕಡೆಗೆ ಮಾನಸಿ ಅತ್ತೆಯನ್ನು ಖಾರಘರಕ್ಕೆ ಕರೆದುಕೊಂಡು ಹೋದಳು. ಗಾಜಿನ ಬಾಗಿಲು, ಏಸಿ, ಕುಡಿಯಲು ಕಾಫಿ. ಕತ್ತರಿ ಹಿಡಿದವನು ವೇದಾವತಿಯ ತಲೆಯ ಮೇಲಿಂದ ಮಾನಸಿಯನ್ನು ನೋಡಿ, “ಮೇಡಂ, ಆಂಟಿ ಕೋ ಕೈಸಾ ಚಾಹಿಯೇ?” ಎಂದು, ಹೇಗೆ ಬೇಕೆಂದು ಅವಳನ್ನೇ ಕೇಳಿದ.

“ತಲೆ ಯಾರದ್ದು, ಕೇಳುವುದು ಯಾರನ್ನು?” ಎಂದು ವೇದಾವತಿ ಎದ್ದರು. ಕುತ್ತಿಗೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದ್ದು ಬೀದಿಗೆ ಬಂದ ಮೇಲೆಯೇ.

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಕೊನೆಗೆ ಸಿಕ್ಕಿದ್ದು ಮನೆಯಿಂದ ನೂರು ಹೆಜ್ಜೆಯಲ್ಲಿ, ಕೋಪರಿಯ ತರಕಾರಿ ಸಾಲಿನ ಹಿಂದಿದ್ದ ಒಂದೇ ಕುರ್ಚಿಯ ಪಾರ್ಲರ್. ಅಂದು ಮಂಗಳವಾರ. ಮಂಗಳವಾರ ಯಾರೂ ಕೂದಲು ತೆಗೆಸುವುದಿಲ್ಲವಾದ್ದರಿಂದ ದ್ರೌಪದಿ ಸುಮ್ಮನೆ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಅವಳು ಗೌಂಡಿ ಕೆಲಸದ ಗಂಡನ ಬೆನ್ನಿಗೆ ಈ ಊರಿಗೆ ಬಂದವಳು. ಆರು ವರ್ಷ ಇದೇ ಪಾರ್ಲರಿನ ನೆಲ ಗುಡಿಸುತ್ತ, ನೋಡಿ ನೋಡಿ ಕತ್ತರಿ ಕಲಿತವಳು. ಗಿರಾಕಿಗಳು ಇನ್ನೂ ಅವಳನ್ನು ಕಸ ಗುಡಿಸುವವಳೆಂದೇ ನೋಡುತ್ತಿದ್ದರು.

ಕುರ್ಚಿಯಲ್ಲಿ ಕುಳಿತ ವೇದಾವತಿ ಕಣ್ಣು ಮುಚ್ಚಿ ಗೊಣಗಿಕೊಂಡರು. “ದೇವರೇ, ಇವಳ ಕೈಯಲ್ಲಿ ಇನ್ನು ಎಂತ ಆಗ್ಲಿಕ್ಕುಂಟೋ!”

“ಏನೂ ಆಗಂಗಿಲ್ರಿ. ಸುಮ್ ಕುಂದರ್ರಿ.”

ವೇದಾವತಿ ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ಬಾರಕೂರಿನ ಕಡೆಯವರು, ಇನ್ನೊಬ್ಬಳು ಆಳಂದದವಳು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಕನ್ನಡಿ ಇತ್ತು.

“ನಿಮಗ ಹ್ಯಾಂಗ ಬೇಕ್ರಿ ಅಕ್ಕಾರ?” ಎಂದು ದ್ರೌಪದಿ ಕೇಳಿದಳು. ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ವೇದಾವತಿಗೇ ಕೇಳಿದವಳು ಅವಳೊಬ್ಬಳು.

ವೇದಾವತಿ ಕುತ್ತಿಗೆಯ ಹಿಂದೆ ಕೈಯಿಟ್ಟು ತೋರಿಸಿದರು. “ಇಲ್ಲಿ ಗಾಳಿ ಆಡಬೇಕು. ಕಿವಿ ಕಾಣಬೇಕು. ಬೇರೆ ಎಂತ ಬೇಡ.”

ಜಡೆ ನೆಲಕ್ಕೆ ಬಿದ್ದ ಮೇಲೆ ಬಹಳ ಹೊತ್ತು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. “ನಿನ್ನ ಕೈಯಲ್ಲಿ ವಿದ್ಯೆ ಉಂಟು ಮಾರಾಯ್ತಿ. ಇನ್ನು ನನಗೆ ನೀನೇ,” ಎಂದರು. ಪಾರ್ಲರಿನ ಯಜಮಾನಿಯೂ ಅಷ್ಟು ದೊಡ್ಡ ಮಾತನ್ನು ದ್ರೌಪದಿಗೆ ಹೇಳಿರಲಿಲ್ಲ. ಅಲ್ಲಿಂದ ಮುಂದೆ ತಿಂಗಳಿಗೊಂದು ಮಂಗಳವಾರ, ಕುರ್ಚಿ ವೇದಾವತಿಯದು.

*

“ಕಟಿಂಗಾ?” ದಮಯಂತಿಯ ದನಿ ಏರಿತು. “ಹೆಣದ ತಲೆಗೆ ಕತ್ತರಿ ಹಾಕ್ಲಿಕ್ಕೆ ನಿನಗೆಂತ ಮರ್ಲಾ, ಹುಚ್ಚಾ? ಅದೂ ಮಂಗಳವಾರ!”

“ಹನ್ನೊಂದು ವರ್ಷ ಅಕ್ಕಾರು ಮಂಗಳವಾರನೇ ಬಂದಾರ್ರಿ. ಏನೂ ಆಗಿಲ್ಲ. ಆಸ್ಪತ್ರೆಗೆ ಹೋಗೂ ಮುಂದ ನನ್ನ ಕೈ ಹಿಡದು ಹೇಳ್ಯಾರ, ನಾ ಬರಾಕ ಆಗಲಿಲ್ಲಂದ್ರ ನೀನೇ ಬಾ, ತಲಿ ಕೆದರಿದ ಕಾಡುಪಾಪದಂಗ ನನ್ನ ಕಳಿಸಬ್ಯಾಡ ಅಂತ.”

“ನೋಡು ಇವಳೇ,” ದಮಯಂತಿ ದನಿ ತಗ್ಗಿಸಿದರು. ಕೆಟ್ಟ ಹೆಂಗಸಲ್ಲ ಆಕೆ. ರಾತ್ರಿಯೆಲ್ಲ ಅತ್ತ ಕಣ್ಣು ಊದಿಕೊಂಡಿದ್ದವು. “ಊರಿಂದ ಅವಳ ಅಣ್ಣ ವಿಡಿಯೋದಲ್ಲಿ ಬರ್ತಾರೆ. ಹನ್ನೊಂದು ವರ್ಷ ಆಯ್ತು ಅವರು ತಂಗಿಯ ಮುಖ ನೋಡದೆ. ಇವತ್ತು ನಾನೇ ಫೋನಿನಲ್ಲಿ ಗೋಗರೆದು ಒಪ್ಪಿಸಿದ್ದು. ಕೊನೆಗಾದರೂ ಅವರು ನೋಡಿದ ತಂಗಿಯೇ ಅವರಿಗೆ ಕಾಣಲಿ. ಅದಕ್ಕೆ ಈ ಚವರಿ. ಅರ್ಥ ಆಯ್ತಾ?”

ಅರ್ಥವಾಗದೆ ಏನು? ಆ ಅಣ್ಣ ಪುಂಡರೀಕಾಕ್ಷರ ಕತೆಯನ್ನು ದ್ರೌಪದಿ ಕುರ್ಚಿಯ ಹಿಂದೆ ನಿಂತು ನೂರು ಸಲ ಕೇಳಿದ್ದಳು.

*

ಕೂದಲು ಕತ್ತರಿಸಿದ ಮರುತಿಂಗಳು ಅವರು ರಂಜನನ ಮಗುವನ್ನು ನೋಡಲು ಬಂದಿದ್ದರು. ಬಾಗಿಲು ತೆರೆದ ತಂಗಿಯನ್ನು ಕಂಡು ಹೊಸ್ತಿಲಲ್ಲೇ ನಿಂತರು. ಅವರ ಅಜ್ಜಿ ಇಪ್ಪತ್ತೆರಡಕ್ಕೆ ವಿಧವೆಯಾದವರು. ತಿಂಗಳಿಗೊಮ್ಮೆ ಹಿತ್ತಿಲಲ್ಲಿ ಕ್ಷೌರಿಕನ ಮುಂದೆ ತಲೆ ಬಾಗಿಸಿ, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಆಯುಷ್ಯ ಕಳೆದವರು. ಅದನ್ನು ನೋಡುತ್ತಲೇ ಅಣ್ಣ ತಂಗಿ ಇಬ್ಬರೂ ಬೆಳೆದಿದ್ದರು.

“ಅಜ್ಜಿಗೆ ಹಿಡಿದು ಕೂರಿಸಿ ಮಾಡಿದ್ದನ್ನು ನೀನು ದುಡ್ಡು ಕೊಟ್ಟು ಮಾಡಿಸಿಕೊಂಡ್ಯಾ?” ಎಂದಿದ್ದರು ಪುಂಡರೀಕಾಕ್ಷ. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಆ ಮಾತಿನಲ್ಲಿ.

“ಅಜ್ಜಿಯನ್ನು ಯಾರೂ ಕೇಳಲಿಲ್ಲ ಅಣ್ಣಯ್ಯ. ನನಗೆ ಯಾರೂ ಹೇಳಲಿಲ್ಲ. ಎರಡೂ ಒಂದೇ ಹೇಗಾಗ್ತದೆ?”

ಅಣ್ಣ ನೀರೂ ಮುಟ್ಟದೆ ಹಿಂತಿರುಗಿದರು. ವೇದಾವತಿಯೂ ಬಗ್ಗಲಿಲ್ಲ. ಊರಿನ ಮದುವೆ ಮುಂಜಿಗಳಿಗೆ ಬೋಳು ಕುತ್ತಿಗೆಯಲ್ಲೇ ಹೋದರು, ಸೆರಗು ಹೊದೆಯಲಿಲ್ಲ. ಅವರು ಬಂದ ಕಡೆಯಿಂದ ಅಣ್ಣ ಎದ್ದು ಹೋಗುತ್ತಿದ್ದರು. “ಕಟಿಂಗ್ ಮುಗಿದ ಮೇಲೆ ಒಂದೊಂದು ಸಲ ಅಣ್ಣಯ್ಯನಿಗೆ ತೋರಿಸುವ ಅನ್ನಿಸ್ತದೆ ಮಾರಾಯ್ತಿ,” ಎಂದು ಕನ್ನಡಿಗೆ ಹೇಳುತ್ತಿದ್ದರು.

*

“ಅವರಿಗೆ ಕಾಣಬೇಕಾದ್ದು ಅವರ ತಂಗಿ ಅಲ್ರಿ?” ಎಂದಳು ದ್ರೌಪದಿ. “ಮೂರು ಬೆರಳಿನ ನರೆಗೂದಲಿಗೆ ಕರೀ ಚವರಿ ಕಟ್ಟಿದ್ರ ಅದು ಯಾರ ತಂಗಿ ಆಗ್ತದ?”

“ಹೊರಗಿನವಳು ನೀನು. ಶವ ಮುಟ್ಟಿ ಕತ್ತರಿ ಆಡಿಸಲಿಕ್ಕೆ ನಾನು ಬಿಡುವುದಿಲ್ಲ.”

“ಚವರಿ ಕಟ್ಟಾಕ ನನ್ನ ಕೈ ನಡೀತದ, ಕತ್ತರಿ ಹಿಡದ್ರ ಮೈಲಿಗಿ ಏನ್ರಿ?”

ದ್ರೌಪದಿ ಅಲ್ಲಿಗೇ ಬಿಡಲಿಲ್ಲ. “ನಮ್ಮ ಕಡಿ ಆಗಲಿ, ನಿಮ್ಮ ಕಡಿ ಆಗಲಿ, ಮೊದಲು ಕ್ಷೌರ, ಆಮ್ಯಾಲ ಜಳಕ. ಜಳಕ ಇನ್ನಾ ಆಗಿಲ್ಲಲ್ಲ? ಮತ್ತ ಯಾಕ ತಡ?”

“ರಂಜನ್, ನೀನಾದರೂ ಹೇಳೋ!”

ರಂಜನ್ ಹುಟ್ಟಿದ್ದು ಠಾಣೆಯಲ್ಲಿ. ಕನ್ನಡ ಅವನಿಗೆ ಕಿವಿಯಲ್ಲಿತ್ತು, ನಾಲಿಗೆಗೆ ಇಳಿದಿರಲಿಲ್ಲ. “ದೊಡ್ಡಮ್ಮ, ಜಾನೇ ದೋ ನಾ... ಮಾಮಾ ಭೀ ದೇಖೇಂಗೇ...” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಬಿಟ್ಟುಬಿಡಿ, ಮಾಮನೂ ನೋಡ್ತಾರೆ ಎಂದನೇನೋ ಸರಿ, ಆದರೆ ಯಾವುದನ್ನು ಬಿಡಬೇಕು, ಚವರಿಯನ್ನೋ ಕತ್ತರಿಯನ್ನೋ, ಅವನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾನಸಿಯ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಜಗಳದ ನಡುವೆಯೇ ಒತ್ತಿದಳು. ಪರದೆಯ ಮೇಲೆ ಬಿಳಿಗಡ್ಡದ ಮುದುಕರೊಬ್ಬರ ಅರ್ಧ ಮುಖ ಕಾಣಿಸಿತು.

“ಯಾರದು ಜಗಳ? ಸತ್ತ ಮನೆಯಾ ಸಂತೆಯಾ?”

ದ್ರೌಪದಿ ಮುಂದೆ ಬಂದಳು. “ನಾನ್ರಿ ಯಪ್ಪಾ. ನಿಮ್ಮ ತಂಗೀ ಕೂದಲಾ ಕಟ್ ಮಾಡಾಕಿ.”

“ಓ. ಆ ಕತ್ತರಿ ನಿನ್ನದೇ?”

“ನಂದೇ ರಿ. ತಲಿ ಅವರದು.”

ದಮಯಂತಿ ಫೋನಿನತ್ತ ಬಾಗಿ, “ಭಾವಯ್ಯ, ಒಂದು ಹತ್ತು ನಿಮಿಷ. ಚವರಿ ಕಟ್ಟಿ, ಜಡೆ ಹಾಕಿ ತೋರಿಸ್ತೇವೆ,” ಎಂದರು.

“ಕಟ್ಟಿ ತೋರಿಸುವುದಾದರೆ ತೋರಿಸಿ. ಹಾಗೇ ಆದರೆ ನಾನು ನೋಡುವುದಿಲ್ಲ.”

“ನೋಡಬ್ಯಾಡ್ರಿ,” ಎಂದಳು ದ್ರೌಪದಿ. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿತು. “ಹನ್ನೊಂದು ವರ್ಷ ನೋಡಿಲ್ಲ, ಇನ್ನೊಂದು ತಾಸು ನೋಡಬ್ಯಾಡ್ರಿ. ಅಕ್ಕಾರು ನಿಮ್ಮ ಮುಂದ ಒಂದಿನ ತಲಿ ಮುಚ್ಕೊಂಡಾರೇನ್ರಿ? ಜೀವ ಇದ್ದಾಗ ಮುಚ್ಕೊಳ್ಳದಾಕಿಗೆ ಈಗ ನಾ ಮುಚ್ಚಂಗಿಲ್ಲ.”

ಪರದೆಯಲ್ಲಿ ಮುಖ ಮಾಯವಾಯಿತು. ಹಂಚಿನ ಮಾಡು, ಒಂದು ಮರದ ಜಂತಿ. ಮುದುಕರು ಫೋನನ್ನು ಮಲಗಿಸಿಬಿಟ್ಟಿದ್ದರು. ಆದರೆ ಕರೆ ಕತ್ತರಿಸಿರಲಿಲ್ಲ. ಮಾನಸಿ ಫೋನನ್ನು ತಂದು ದೀಪದ ಪಕ್ಕದ ಸ್ಟೀಲ್ ಚೊಂಬಿಗೆ ಒರಗಿಸಿಟ್ಟಳು.

ದ್ರೌಪದಿ ಪೆಟ್ಟಿಗೆ ತೆರೆದಳು. ಬಾಚಣಿಗೆ, ಸಣ್ಣ ಕತ್ತರಿ, ಪೌಡರಿನ ಬ್ರಶ್ಶು. ಮುಂದಿನದು ಮತ್ತು ಕಿವಿಯ ಮೇಲಿನದು ಮಲಗಿದಲ್ಲೇ ಆಯಿತು. ಹಿಂದಿನದಕ್ಕೆ ಬಂದಾಗ ಕೈ ನಿಂತಿತು. ಸೆಟೆದ ದೇಹವನ್ನು ಮಗ್ಗುಲಿಗೆ ತಿರುಗಿಸಬೇಕು, ಒಬ್ಬಳಿಂದ ಆಗದು.

“ಯಾರರ ಹಿಡೀರಿ,” ಎಂದಳು.

ದಮಯಂತಿ ಕಿಟಕಿಯತ್ತ ಮುಖ ತಿರುಗಿಸಿದರು. ಮಾನಸಿ ಬಂದು ಅತ್ತೆಯ ಸೊಂಟದ ಬಳಿ ಕುಳಿತಳು. ಇನ್ನೊಂದು ಜೋಡಿ ಕೈ ಬೇಕಿತ್ತು. ದ್ರೌಪದಿ ರಂಜನನನ್ನು ಕರೆಯಲಿಲ್ಲ, ನೋಡಿದಳಷ್ಟೇ. ಅವನು ದೊಡ್ಡಮ್ಮನ ಬೆನ್ನನ್ನೊಮ್ಮೆ, ಪರದೆಯ ಮೇಲಿನ ಹಂಚನ್ನೊಮ್ಮೆ ನೋಡಿದ. ಆಮೇಲೆ ಎದ್ದು ಬಂದು ಅಮ್ಮನ ಭುಜ ಹಿಡಿದ.

“ಆಯೀ ಕೋ ಪೀಛೇ ಗರಮಿ ಲಗ್ತೀ ಥೀ,” ಎಂದ, ಅಮ್ಮನ ಕುತ್ತಿಗೆಯ ಹಿಂದಿನ ಸೆಖೆಯನ್ನು ನೆನೆದು, ಯಾರಿಗೂ ಅಲ್ಲದಂತೆ. “ಅಚ್ಛೇ ಸೇ ಕಾಟೋ.” ಚೆನ್ನಾಗಿ ಕತ್ತರಿಸು ಎಂದು ಹೇಳಿದ್ದೇ ತಡ, ಬೆಳಗಿನಿಂದ ಕಲ್ಲಿನಂತೆ ಕುಳಿತಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಭುಜ ಬಿಡದೆ ಹಿಡಿದುಕೊಂಡಿದ್ದ.

ಕತ್ತರಿ ಮತ್ತೆ ಆಡತೊಡಗಿತು. ದ್ರೌಪದಿ ಅವಸರ ಮಾಡಲಿಲ್ಲ. ಕೊನೆಗೆ ಅಭ್ಯಾಸಬಲದಿಂದ “ಸಾಕೇನ್ರಿ ಅಕ್ಕಾರ?” ಎಂದು ಕೇಳಿ, ಕೇಳಿದ್ದಕ್ಕೆ ತಾನೇ ತುಟಿ ಕಚ್ಚಿಕೊಂಡಳು. ಬ್ರಶ್ಶಿನಿಂದ ಕುತ್ತಿಗೆ ಒರೆಸಿದಳು. ಬಿದ್ದ ಕೂದಲನ್ನು ಒಂದೆಳೆ ಬಿಡದೆ ಬಳಿದು ಕಾಗದದಲ್ಲಿ ಕಟ್ಟಿ ವೇದಾವತಿಯ ಕೈ ಪಕ್ಕದಲ್ಲಿಟ್ಟಳು.

ಭಟ್ಟರು ಬಂದರು, ಸ್ನಾನವಾಯಿತು, ಮಂತ್ರವಾಯಿತು. ದಮಯಂತಿ ತುಳಸಿಯನ್ನು ಎದೆಯ ಮೇಲಿಟ್ಟರು. ಆಮೇಲೆ ಹಟ ಬಿಡದೆ ಸೀರೆಯ ಸೆರಗನ್ನು ತಲೆಯ ಮೇಲೆ ಹಣೆಯವರೆಗೆ ಎಳೆದರು. “ಇಷ್ಟಾದರೂ ಇರಲಿ,” ಎಂದರು. ದ್ರೌಪದಿ ಸೆರಗು ಸರಿಸಲು ಮುಂದೆ ಬಂದಳು. ಆದರೆ ಚಟ್ಟ ಎತ್ತಿಯಾಗಿತ್ತು, ಹೊತ್ತವರನ್ನು ನಿಲ್ಲಿಸುವಂತಿಲ್ಲ.

ಹಳೆಯ ಕಟ್ಟಡದ ಮೆಟ್ಟಿಲು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದಂಥದು. ಮೂರನೆಯ ಮಹಡಿಯ ತಿರುವಿನಲ್ಲಿ ಚಟ್ಟವನ್ನು ಓರೆ ಮಾಡದೆ ವಿಧಿಯಿರಲಿಲ್ಲ. ಓರೆಯಾದ ಕೂಡಲೇ ಸೆರಗು ಜಾರಿ ಭುಜಕ್ಕೆ ಬಿತ್ತು. ಕಿವಿಗಳೆರಡೂ ಬಯಲಾದವು. ಕರೆ ಇನ್ನೂ ಕಡಿಯದ ಫೋನು ಹಿಡಿದು ಹಿಂದೆ ಇಳಿಯುತ್ತಿದ್ದ ದಮಯಂತಿ “ಅಯ್ಯೋ, ನಿಲ್ಲಿ” ಎಂದು ಮುಂದೆ ನುಗ್ಗಿ ಸೆರಗಿಗೆ ಕೈ ಚಾಚಿದರು.

“ಇರಲಿ.”

ಯಾರು ಹೇಳಿದ್ದೆಂದು ದಮಯಂತಿ ಸುತ್ತ ನೋಡಿದರು. ದನಿ ಅವರ ಕೈಯೊಳಗಿಂದಲೇ ಬಂದಿತ್ತು. ಪರದೆಯಲ್ಲಿ ಹಂಚಿನ ಮಾಡು ಇರಲಿಲ್ಲ. ಪುಂಡರೀಕಾಕ್ಷರ ಮುಖ ಕನ್ನಡಕ ಗಾಜಿಗೆ ತಾಗುವಷ್ಟು ಹತ್ತಿರವಿತ್ತು.

“ಇರಲಿ ಬಿಡು, ದಮಯಂತಿ. ಅವಳಿಗೆ ಸೆಖೆ ಆಗ್ತದೆ.”

ಚಾಚಿದ ಕೈ ನಡುವೆಯೇ ನಿಂತಿತು. ವೇದಾವತಿಯ ಕಿವಿಯ ಹಿಂದೆ ಸ್ನಾನಕ್ಕೂ ಹೋಗದೆ ಅಂಟಿಕೊಂಡಿದ್ದ ಒಂದು ತುಂಡು ನರೆಗೂದಲನ್ನು ದಮಯಂತಿ ಬೆರಳಿನಿಂದ ಮೆಲ್ಲನೆ ಒರೆಸಿ ತೆಗೆದರು. ಹೊತ್ತವರು ಮತ್ತೆ ಹೆಜ್ಜೆ ಹಾಕಿದರು. ಉಳಿದ ಮೂರು ಮಹಡಿಗಳನ್ನು ವೇದಾವತಿ ಕುತ್ತಿಗೆಗೆ ಗಾಳಿಯಾಡಿಸಿಕೊಂಡು ಇಳಿದರು.