ರೇಣುಕಪ್ರಸಾದ್ ಮನೆಯಲ್ಲೇ ಕ್ಲಚ್ ಬಿಚ್ಚಿದ ಭಾನುವಾರ

ಸಂತೇಬೆನ್ನೂರಿನಲ್ಲಿ ರೇಣುಕಪ್ರಸಾದನ ಹಿಟ್ಟಿನ ಗಿರಣಿ ವಾರದಲ್ಲಿ ಎರಡು ದಿನ ಮುಚ್ಚಿರುತ್ತದೆ. ಮಂಗಳವಾರ ಮತ್ತು ಶುಕ್ರವಾರ. ಯಾಕೆ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಆ ಎರಡು ದಿನ ಅವನು ತನ್ನ ಅಕ್ಕ ನಿರ್ಮಲಮ್ಮನನ್ನು ಡಯಾಲಿಸಿಸ್‌ಗೆಂದು ದಾವಣಗೆರೆಗೆ ಕರೆದುಕೊಂಡು ಹೋಗುತ್ತಾನೆ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವನಿಗೆ ತಲೆ ಬಾಚಿ, ಚೀಲ ಹೆಗಲಿಗೆ ಹಾಕಿ ಶಾಲೆಗೆ ಕಳಿಸಿದವಳು ಈ ಅಕ್ಕ. ಹಳೆಯದಾದರೂ ಪರವಾಗಿಲ್ಲ ಎಂದು ಅವನು ಒಂದು ಸಣ್ಣ ಕಾರು ತೆಗೆದುಕೊಂಡದ್ದು ಅವಳಿಗಾಗಿಯೇ.

ಒಂದು ಶುಕ್ರವಾರ ವಾಪಸ್ಸು ಬರುವಾಗ ಆ ಕಾರು ಏರು ಹತ್ತಲಿಲ್ಲ. ಎಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ತೆವಳುತ್ತಿತ್ತು. ಒಳಗೆಲ್ಲ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಸುಸ್ತಾಗಿ ಮಲಗಿದ್ದ ನಿರ್ಮಲಮ್ಮ ಕಣ್ಣು ಬಿಟ್ಟು, "ಏನಾತೋ?" ಎಂದಳು.

"ಏನಿಲ್ಲಕ್ಕ. ನೀ ಮಲಕ್ಕ," ಎಂದ. ಹೇಗೋ ಮೊದಲನೇ ಗೇರಿನಲ್ಲಿ ಮನೆ ಮುಟ್ಟಿಸಿದ.

ಊರಿನ ಮೆಕ್ಯಾನಿಕ್ ತನ್ನ ಅಕ್ಕನ ಮಗಳ ಮದುವೆಗೆಂದು ಹೊನ್ನಾಳಿಗೆ ಹೋಗಿದ್ದ. ಫೋನಿನಲ್ಲೇ ಲಕ್ಷಣ ಕೇಳಿ, "ಕ್ಲಚ್ ಪ್ಲೇಟ್ ಸವೆದೈತೆ. ಬುಧವಾರ ಬಂದು ಮಾಡಿಕೊಡ್ತೀನಿ" ಎಂದ. ಬುಧವಾರ! ಮಂಗಳವಾರ ಅಕ್ಕನನ್ನು ಕರೆದೊಯ್ಯುವುದು ಹೇಗೆ? ಹಿಂದೊಮ್ಮೆ ಬಸ್ಸಿನಲ್ಲಿ ಬರುವಾಗ ಅವಳು ಕಂಬಿ ಹಿಡಿದುಕೊಂಡೇ ಕುಸಿದು ಬಿದ್ದಿದ್ದಳು. ಅದನ್ನು ಅವನು ಮರೆತಿರಲಿಲ್ಲ.

ಗಿರಣಿಯ ಬೆಲ್ಟು, ಬೇರಿಂಗು, ಮೋಟಾರು ಎಲ್ಲವನ್ನೂ ರೇಣುಕಪ್ರಸಾದ್ ತಾನೇ ಬಿಚ್ಚಿ ಜೋಡಿಸುವವನು. ಮೊಬೈಲಿನಲ್ಲಿ ಕ್ಲಚ್ ಬದಲಿಸುವ ವಿಡಿಯೋ ನಾಲ್ಕೈದು ಸಲ ನೋಡಿದ. ಶನಿವಾರ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಹೊಸ ಕ್ಲಚ್ ತಂದ. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕೆಲಸ ಶುರು ಮಾಡಿದ.

ಒಂಬತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಹನುಮಣ್ಣನ ಮಗಳು ರಕ್ಷಾ ರಾಗಿ ಡಬ್ಬಿ ಹಿಡಿದುಕೊಂಡು ಬಂದಳು. ಐಟಿಐ ಓದಿದ ಹುಡುಗಿ, ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಆರು ವರ್ಷದಿಂದ ಮೆಕ್ಯಾನಿಕ್. ಬಂದವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕಾರನ್ನೇ ನೋಡುತ್ತ ನಿಂತಳು. ಮುಂದಿನ ಎರಡು ಚಕ್ರಗಳನ್ನು ಬಿಚ್ಚಿಡಲಾಗಿತ್ತು. ಎಡಕ್ಕೆರಡು, ಬಲಕ್ಕೆರಡು ಸಿಮೆಂಟ್ ಬ್ಲಾಕ್ ಪೇರಿಸಿ ಕಾರಿನ ಮುಂಭಾಗವನ್ನು ಅವುಗಳ ಮೇಲೆ ಕೂರಿಸಲಾಗಿತ್ತು. ಇದ್ದ ಒಂದೇ ಜಾಕು ಎಂಜಿನ್ನಿನ ಕೆಳಗಿತ್ತು.

"ಅಣ್ಣಾ, ಮೊದಲು ಈಚೆ ಬರ್ರಿ."

ಕಾರಿನ ಕೆಳಗಿನಿಂದ ರೇಣುಕಪ್ರಸಾದ್ ತಲೆ ಹೊರಹಾಕಿದ. "ಏನಮ್ಮ ರಕ್ಷಾ, ಗಿರಣಿ ಇವತ್ತು ಮಧ್ಯಾಹ್ನದ ಮ್ಯಾಲೆ."

"ರಾಗಿ ಇರ್ಲಿ ಬಿಡ್ರಿ. ಸಿಮೆಂಟ್ ಬ್ಲಾಕ್ ಮ್ಯಾಲೆ ಯಾರಾದ್ರೂ ಕಾರು ನಿಲ್ಲಿಸ್ತಾರಾ?"

"ಇಂಥಾ ಬ್ಲಾಕಿನ ಮ್ಯಾಲೆ ಇಡೀ ಮನೆ ನಿಂತೈತೆ. ಕಾರು ನಿಲ್ಲಲ್ವಾ?"

"ಮನೆ ಅಲ್ಲಾಡಲ್ಲ ಅಣ್ಣಾ. ಗೋಡೆಯಾಗೆ ಭಾರ ಎಲ್ಲಾ ಕಡೆ ಸಮ ಬೀಳತೈತೆ. ಇಲ್ಲಿ ಕಾರಿನ ಭಾರ ಒಂದೇ ಅಂಚಿನ ಮ್ಯಾಲೆ ಕುಂತೈತೆ. ಬ್ಲಾಕು ಬಾಗಲ್ಲ, ಮೊದಲೇ ಸುಳಿವೂ ಕೊಡಲ್ಲ. ಒಂದೇ ಸಲಕ್ಕೆ ಪುಡಿ ಆಗತೈತೆ. ಕ್ಲಚ್ ಬದಲಿಸಬೇಕು ಅಂದ್ರೆ ಗೇರ್‌ಬಾಕ್ಸ್ ಇಳಿಸಬೇಕು. ಅದು ಸುಮ್ನೆ ಬರಲ್ಲ, ಎಳೀಬೇಕು, ಅಲ್ಲಾಡಿಸಬೇಕು. ಕಾರೂ ಅಲ್ಲಾಡತೈತೆ."

"ಹಂಗಾದ್ರೆ ಜಾಕ್ ಮ್ಯಾಲೆ ನಿಲ್ಲಿಸಲಾ?"

"ಜಾಕು ಎತ್ತಾಕೆ ಮಾತ್ರ, ಹೊರಾಕೆ ಅಲ್ಲ. ಎತ್ತಿದ ಮ್ಯಾಲೆ ಕಬ್ಬಿಣದ ಸ್ಟ್ಯಾಂಡ್ ಮ್ಯಾಲೆ ಇಳಿಸಬೇಕು. ನಮ್ಮ ವರ್ಕ್‌ಶಾಪಿನಾಗೆ ಅದಾವೆ. ನಾಳೆ ಸಂಜೆ ಕೇಳಿ ತರ್ತೀನಿ. ಒಂದಿನ ತಡೀರಿ."

ರೇಣುಕಪ್ರಸಾದನ ಮುಖ ಬಿಗಿಯಿತು. "ನಾಳೆ ಸಂಜೆ ನೀನು ತಂದು, ನಾ ಯಾವಾಗ ಮುಗಿಸೋದು? ಮಂಗಳವಾರ ಬೆಳಿಗ್ಗೆ ಆರಕ್ಕೆ ಅಕ್ಕನ್ನ ಹೊರಡಿಸಬೇಕು."

"ಮಂಗಳವಾರಕ್ಕೆ ನಮ್ಮ ಕಾರೈತೆ, ಅಪ್ಪನ್ನ ಒಂದು ಮಾತು ಕೇಳಿದ್ರಾತು."

"ಬೇರೆಯೋರನ್ನ ಯಾಕೆ ಕೇಳಲಿ? ನನ್ನ ಅಕ್ಕ, ನನ್ನ ಕಾರು. ನೀ ಚಿಂತೆ ಮಾಡಬ್ಯಾಡ. ಇಪ್ಪತ್ತು ವರ್ಷ ಆತು, ಸ್ಪ್ಯಾನರ್ ಹಿಡೀತಿದೀನಿ."

ಅವನು ಮತ್ತೆ ಕೆಳಗೆ ಸರಿದ. ರಕ್ಷಾ ಸುಮ್ಮನೆ ಹೋಗಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದೆಯೇ ಎಂದು ನೋಡಿದಳು, ಇರಲಿಲ್ಲ. ತಾನೇ ನಾಲ್ಕು ಕಲ್ಲು ತಂದು ಹಿಂದೆ ಮುಂದೆ ಒತ್ತಿಟ್ಟಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶಿವಲೀಲಾಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ಅತ್ತಿಗೆ, ಅವರು ನನ್ನ ಮಾತು ಕೇಳಲ್ಲ. ಬಿಚ್ಚಿಟ್ಟಿರೋ ಎರಡು ಚಕ್ರ ಒಂದರ ಮ್ಯಾಲೊಂದು ಮಲಗಿಸಿ, ಅವರಿರೋ ಎಡಗಡೆ, ಕಾರಿನ ಬಾಗಿಲ ಕೆಳಗಿನ ಪಟ್ಟಿ ಐತಲ್ಲ, ಅದರಡಿ ತಳ್ಳಿಬಿಡ್ರಿ. ಅದೇ ಸಾಕು ಅಂತ ಅಲ್ಲ. ಚಕ್ರ ಯಾವತ್ತೂ ಸ್ಟ್ಯಾಂಡ್ ಆಗಲ್ಲ. ಆದ್ರೂ ಏನಾದ್ರೂ ಆದ್ರೆ ಇರ್ಲಿ."

ಶಿವಲೀಲಾಳಿಗೆ ಗಂಡ ಬೈಯುತ್ತಾನೆಂಬ ಅಳುಕಿತ್ತು. ಆದರೂ ಅವನು ಮೇಲಿನ ಬೋಲ್ಟುಗಳಿಗೆಂದು ಬಾನೆಟ್ಟಿನ ಕಡೆ ಹೋದಾಗ, ಎರಡೂ ಚಕ್ರ ಉರುಳಿಸಿ ತಂದು ಪೇರಿಸಿದಳು. ಸೀರೆಯೆಲ್ಲ ಕರಿ ಆಯಿತು.

"ಅದ್ಯಾಕೆ ಅಡ್ಡ ಇಟ್ಟೆ?" ಎಂದು ಅವನು ಗದರಿದ.

"ನಿಮ್ಮ ಕೆಲಸ ನೀವು ಮಾಡ್ರಿ. ಅದು ಅಲ್ಲೇ ಇರತೈತೆ," ಎಂದಳು ಅವಳು. ಅವನಿಗೆ ವಾದ ಮಾಡುವಷ್ಟು ಪುರಸೊತ್ತಿರಲಿಲ್ಲ.

ವಿಡಿಯೋದಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿದ ಕೆಲಸ ಇಲ್ಲಿ ಮುಗಿಯುವ ಲಕ್ಷಣವೇ ಕಾಣಲಿಲ್ಲ. ತುಕ್ಕು ಹಿಡಿದ ಬೋಲ್ಟೊಂದು ಒಂದೂವರೆ ಗಂಟೆ ತಿಂದಿತು. ಸ್ಪ್ಯಾನರ್ ಜಾರಿ ಮೂರು ಬೆರಳಿನ ಗೆಣ್ಣಿನ ಚರ್ಮ ಕಿತ್ತಿತು. ಗೇರ್ ಆಯಿಲ್ ಕಿವಿಯೊಳಗೆ ಇಳಿಯಿತು. ಮಧ್ಯಾಹ್ನ ಶಿವಲೀಲಾ ರೊಟ್ಟಿ ತಂದು ಕರೆದರೂ ಅವನು ಏಳಲಿಲ್ಲ. ನಿರ್ಮಲಮ್ಮ ಒಳಗಿನಿಂದ ಕುರ್ಚಿ ಎಳೆದುಕೊಂಡು ಬಂದು ನೆರಳಿನಲ್ಲಿ ಕುಳಿತಳು.

"ಸಾಕು ಬಾರೋ ರೇಣು. ಒಂದು ತುತ್ತು ತಿನ್ನು."

"ಇನ್ನೊಂದೇ ಬೋಲ್ಟ್ ಅಕ್ಕಾ."

ಎರಡೂವರೆ ಗಂಟೆಗೆ ಕೊನೆಯ ಬೋಲ್ಟ್ ಬಂತು. ಆದರೆ ಗೇರ್‌ಬಾಕ್ಸ್ ಬರಲಿಲ್ಲ. ಅದರ ಉದ್ದನೆಯ ಕಂಬಿ ಕ್ಲಚ್ಚಿನೊಳಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ರೇಣುಕಪ್ರಸಾದ್ ಅಂಗಾತ ಮಲಗಿ, ಎರಡೂ ಕೈಯಿಂದ ಅದನ್ನು ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿದ. ಬರಲಿಲ್ಲ. ಕಾಲನ್ನು ನೆಲಕ್ಕೊತ್ತಿ ಇನ್ನೂ ಜೋರಾಗಿ ಜಗ್ಗಿದ.

ಗೇರ್‌ಬಾಕ್ಸ್ ಒಮ್ಮೆಲೇ ಕಳಚಿ ಅವನ ಎದೆಯ ಮೇಲೆ ಬಿತ್ತು. ಅದೇ ಗಳಿಗೆಯಲ್ಲಿ ಎಡಗಡೆಯ ಬ್ಲಾಕು ಪುಡಿಯಾಯಿತು.

ಕಾರು ನಾಲ್ಕು ಬೆರಳಿನಷ್ಟು ಕುಸಿದು, ಪೇರಿಸಿಟ್ಟ ಚಕ್ರಗಳ ಮೇಲೆ ಧಡ್ ಎಂದು ಕೂತಿತು. ಮೇಲಿಂದ ಕಾರು ಒತ್ತಿದ್ದ ಗೇರ್‌ಬಾಕ್ಸಿಗೂ ನೆಲಕ್ಕೂ ನಡುವೆ ಅವನು ಸಿಕ್ಕಿಬಿದ್ದಿದ್ದ. ಕೂಗಲು ಬಾಯಿ ತೆರೆದ, ದನಿ ಬರಲಿಲ್ಲ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಆ ಕತ್ತಲಲ್ಲಿ ಅವನಿಗೆ ಹೊಳೆದದ್ದು ಒಂದೇ: ಮಂಗಳವಾರ ಅಕ್ಕನನ್ನು ಯಾರು ಕರೆದುಕೊಂಡು ಹೋಗುತ್ತಾರೆ?

ಶಿವಲೀಲಾಳ ಚೀರಾಟಕ್ಕೆ ಅಕ್ಕಪಕ್ಕದವರು ಓಡಿ ಬಂದರು. ನಾಲ್ಕು ಜನ ಬಂಪರಿಗೆ ಕೈ ಹಾಕಿದರು. ಒಬ್ಬ ಅವನ ಕಾಲು ಹಿಡಿದು ಎಳೆಯಲು ಬಗ್ಗಿದ.

"ಯಾರೂ ಮುಟ್ಟಬ್ಯಾಡ್ರಿ! ಕಾರು ಅಲ್ಲಾಡಿಸಬ್ಯಾಡ್ರಿ!" ರಕ್ಷಾ ಓಡಿ ಬರುತ್ತಲೇ ಕೂಗಿದಳು. "ಈಗ ಎತ್ತಿ ಕೈ ಜಾರಿದ್ರೆ ಪೂರಾ ಮ್ಯಾಲೆ ಬೀಳತೈತೆ. ಅತ್ತಿಗೆ, ನೂರಾ ಎಂಟಕ್ಕೆ ಫೋನ್ ಮಾಡ್ರಿ. ಅಪ್ಪಾ, ಟ್ರ್ಯಾಕ್ಟರಿನ ಜಾಕ್ ತಗಂಬಾ. ದಪ್ಪ ಹಲಗೆ ಎಷ್ಟಿದ್ರೆ ಅಷ್ಟು ತರ್ರಿ."

ಅವಳು ನೆಲಕ್ಕೆ ಕೆನ್ನೆ ಹಚ್ಚಿ ಕೆಳಗೆ ನೋಡಿದಳು. "ಅಣ್ಣಾ, ನಾನು ರಕ್ಷಾ. ಮಾತಾಡಬ್ಯಾಡ್ರಿ. ಸಣ್ಣ ಸಣ್ಣ ಉಸಿರು ತಗಳ್ರಿ. ಐದು ನಿಮಿಷ, ಅಷ್ಟೇ."

ಹನುಮಣ್ಣ ಜಾಕ್ ತಂದ. ರಕ್ಷಾ ಅದನ್ನು ಹಲಗೆಯ ಮೇಲಿಟ್ಟು ಕಾರಿನಡಿಯ ಗಟ್ಟಿ ಜಾಗಕ್ಕೆ ಕೊಟ್ಟು, ಒಂದೊಂದು ಬೆರಳಿನಷ್ಟೇ ಏರಿಸಿದಳು. ಏರಿದಷ್ಟೂ ಪಕ್ಕದಲ್ಲಿ ಹಲಗೆ ತುಂಬಿಸಿದರು, ಜಾಕು ಜಾರಿದರೂ ಕಾರು ಬೀಳದ ಹಾಗೆ. ಇಬ್ಬರು ಕೈಚಾಚಿ ಗೇರ್‌ಬಾಕ್ಸನ್ನು ಸರಿಸಿದರು. ಆಗ ರೇಣುಕಪ್ರಸಾದ್ ಎಳೆದುಕೊಂಡ ಉಸಿರಿನ ಸದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು.

ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಎಡಗೈ ಮೊಣಕೈವರೆಗೆ ತರಚಿತ್ತು. ಚನ್ನಗಿರಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, "ಬದುಕಿದ್ರಿ" ಎಂದಷ್ಟೇ ಹೇಳಿದರು.

ಮರುದಿನ ಮನೆಗೆ ಬಂದಾಗ ನಿರ್ಮಲಮ್ಮ ತಮ್ಮನ ಪಕ್ಕದಲ್ಲಿ ಬಂದು ಕುಳಿತಳು. ಅವನ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು.

"ನನ್ನನ್ನ ಉಳಿಸಾಕೆ ಅಂತ ತಾನೇ ಅದರಡಿ ಹೋಗಿದ್ದು?"

ಹೌದೆಂಬಂತೆ ಅವನು ತಲೆಯಾಡಿಸಿದ.

"ನಿನ್ನ ಕಳಕಂಡು ನಾ ಉಳಿದು ಏನು ಮಾಡಲೋ? ಆ ಹುಡುಗಿ ಒಂದಿನ ತಡೀರಿ ಅಂತ ಅಂದ್ಲು. ಹನುಮಣ್ಣನ ಕಾರು ಪಕ್ಕದಾಗೇ ಐತೆ. ಒಂದು ಮಾತು ಕೇಳಾಕೆ ನಿನಗೆ ಅಷ್ಟು ಕಷ್ಟ ಆತಾ?"

"ತಪ್ಪಾತಕ್ಕ," ಎಂದ. ಅಳು ಬಂದಾಗ ಪಕ್ಕೆ ಚುಚ್ಚಿತು. ಅಳುವುದಕ್ಕೂ ಆಗಲಿಲ್ಲ. ನಿರ್ಮಲಮ್ಮ ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತಳು.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಹನುಮಣ್ಣನ ಕಾರು ಬಾಗಿಲಿಗೆ ಬಂದು ನಿಂತಿತು. ಯಾರೂ ಕೇಳಿರಲಿಲ್ಲ. ಶಿವಲೀಲಾ ನಿರ್ಮಲಮ್ಮನ ಜೊತೆ ಹೊರಟಳು. "ಶುಕ್ರವಾರಾನೂ ನಾನೇ ಬರ್ತೀನಿ. ನೀನು ಸುಮ್ನೆ ಮಲಗು," ಎಂದು ಹನುಮಣ್ಣ ಕಿಟಕಿಯಿಂದಲೇ ಕೂಗಿ ಹೇಳಿದ.

ಮುಂದಿನ ಭಾನುವಾರ ರಕ್ಷಾ ವರ್ಕ್‌ಶಾಪಿನಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ಮತ್ತು ಚಕ್ರವಿರುವ ಜಾಕು ತಂದಳು. ಮದುವೆ ಮುಗಿಸಿ ಬಂದ ಮೆಕ್ಯಾನಿಕ್ಕೂ ಜೊತೆಗೆ ಸೇರಿದ. ರೇಣುಕಪ್ರಸಾದ್ ಎದೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ನೋಡಿದ.

ರಕ್ಷಾ ಮೊದಲು ಬ್ಯಾಟರಿಯ ತಂತಿ ಕಳಚಿದಳು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟಳು. ಸಮತಟ್ಟಾದ ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಇಟ್ಟು ಕಾರು ಇಳಿಸಿದ ಮೇಲೆ, ಕೆಳಗೆ ಹೋಗದೆ ಬದಿಯಲ್ಲಿ ನಿಂತು ಭುಜದಿಂದ ಕಾರನ್ನು ನೂಕಿದಳು. ಅದು ಮಿಸುಕಲಿಲ್ಲ.

"ಇದು ಯಾಕಮ್ಮ?" ಎಂದ ರೇಣುಕಪ್ರಸಾದ್.

"ಬೀಳೋದಾದ್ರೆ ನಾನು ಹೊರಗಿರುವಾಗ್ಲೇ ಬೀಳ್ಲಿ ಅಂತ."

ಮೂಗಿಗೆ ಮಾಸ್ಕ್ ಹಾಕಿಕೊಂಡು, ಹಳೆಯ ಕ್ಲಚ್ಚಿನ ಕಪ್ಪು ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಷ್ಟೆಲ್ಲ ಗೊತ್ತಿದ್ದವಳಿಗೂ ಕೆಲಸ ಸುಲಭವಾಗಲಿಲ್ಲ. ಗೇರ್‌ಬಾಕ್ಸನ್ನು ಜಾಕಿನ ಮೇಲೇರಿಸಿ ಎರಡು ಸಲ ಕೂರಿಸಿದರೂ ಕೂರಲಿಲ್ಲ. ಹೊಸ ಕ್ಲಚ್ಚಿನ ಪ್ಲೇಟು ಕೂದಲೆಳೆಯಷ್ಟು ಓರೆಯಾಗಿತ್ತು. ಮತ್ತೆ ಇಳಿಸಿ, ಪ್ಲೇಟನ್ನು ನಡುಮಧ್ಯಕ್ಕೆ ತಂದು ಬಿಗಿದು, ಮೂರನೇ ಸಲ ತಳ್ಳಿದಾಗ ಮೆತ್ತಗೆ ಒಳಗೆ ಹೋಯಿತು.

"ನಾನೊಬ್ನೇ ಆಗಿದ್ರೆ ಇಲ್ಲಿ ಸಿಟ್ಟು ಬಂದು ಸುತ್ತಿಗೆ ತಗಂತಿದ್ದೆ," ಎಂದ ರೇಣುಕಪ್ರಸಾದ್.

"ಅದಕ್ಕೇ ಒಬ್ರೇ ಮಾಡಬಾರ್ದು. ಇಬ್ಬರಿದ್ರೆ ಒಬ್ರಿಗೆ ಸಿಟ್ಟು ಬಂದಾಗ ಇನ್ನೊಬ್ರು ಟೀ ಕುಡಿಯೋಣ ಅಂತಾರೆ," ಎಂದಳು ರಕ್ಷಾ. ನಗು ಬಂದು ಅವನು ಪಕ್ಕೆ ಹಿಡಿದುಕೊಂಡ.

ಸಂಜೆ ಐದಕ್ಕೆ ಕಾರು ಹೊರಟಿತು. ಸುಟ್ಟ ವಾಸನೆಯಿಲ್ಲ, ಎಂಜಿನ್ನಿನ ಕೂಗಾಟವಿಲ್ಲ. ಮೂರು ವಾರ ಹನುಮಣ್ಣ, ಒಮ್ಮೊಮ್ಮೆ ರಕ್ಷಾ ಆ ಕಾರನ್ನು ದಾವಣಗೆರೆಗೆ ಓಡಿಸಿದರು. ಡಾಕ್ಟರು ಒಪ್ಪಿದ ಮೇಲಷ್ಟೇ ರೇಣುಕಪ್ರಸಾದ್ ಸ್ಟಿಯರಿಂಗ್ ಹಿಡಿದ. ಈಗ ಯಾರಾದರೂ ಗಿರಣಿಗೆ ಬಂದು ಜಾಕು ಕೇಳಿದರೆ ಅವನು, "ಸ್ಟ್ಯಾಂಡ್ ಐತಾ?" ಎಂದು ಮೊದಲು ಕೇಳುತ್ತಾನೆ. ಇಲ್ಲ ಎಂದರೆ ಜಾಕು ಕೊಡುವುದಿಲ್ಲ. ಅಂಗಿ ಎತ್ತಿ ಪಕ್ಕೆ ತೋರಿಸಿ, ಕೂರಿಸಿಕೊಂಡು ಮಾತನಾಡುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಳದಲ್ಲೂ ಕಾರಿರಬಹುದು, ಆಟೋ ಇರಬಹುದು, ಟ್ರ್ಯಾಕ್ಟರಿನ ಟ್ರೈಲರ್ ಇರಬಹುದು. ಮನೆಯಲ್ಲೇ ರಿಪೇರಿ ಮಾಡುವುದು ತಪ್ಪಲ್ಲ. ಆದರೆ ಜಾಕನ್ನು ನಂಬಿ, ಇಟ್ಟಿಗೆಯನ್ನು ನಂಬಿ ಯಾವ ಗಾಡಿಯ ಕೆಳಗೂ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲವೆಂದರೆ ಗಾಡಿ ಒಂದು ವಾರ ಹಾಗೇ ನಿಲ್ಲಲಿ, ಆಸ್ಪತ್ರೆಗೆ ಹೋಗಲು ಪಕ್ಕದ ಮನೆಯವರನ್ನು ಕೇಳಿ. ಮನೆಯ ಹೆಣ್ಣುಮಕ್ಕಳೇ, ಅನುಮಾನ ಬಂದರೆ ಸುಮ್ಮನಿರಬೇಡಿ, ತಡೆಯಿರಿ. ಸ್ಟ್ಯಾಂಡ್ ಇಟ್ಟ ಮೇಲೂ ಹೊರಗೆ ನಿಂತು ಗಾಡಿಯನ್ನು ಒಮ್ಮೆ ಭುಜದಿಂದ ಜೋರಾಗಿ ನೂಕಿ ನೋಡಿ. ಚೂರು ಅಲ್ಲಾಡಿದರೂ ಕೆಳಗೆ ಹೋಗಬೇಡಿ.