ಕೆಂಪು ಕಾರಿನ ಸೈಲೆನ್ಸರ್

"ಎಲ್ಲಾ ಒಟ್ಟಿಗೆ... ಹೂಂ, ತಳ್ಳಿ!"

ನಾಲ್ಕು ಜನ ಭುಜ ಕೊಟ್ಟು ತಳ್ಳಿದರು. ಕೆಂಪು ಕಾರು ಒಂದು ಗೇಣು ಮುಂದೆ ಹೋಯಿತು, ಗೇಟಿನ ಏರಿನಲ್ಲಿ ಯೋಚನೆಗೆ ಬಿದ್ದಂತೆ ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಮೊದಲಿನ ಜಾಗದಲ್ಲೇ ಕೂತಿತು. ಅಳಿಯ ಬೆವರು ಒರೆಸಿಕೊಂಡ. ಕಾರಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳಬಹುದಿತ್ತು, ಸ್ಟ್ರೆಚರ್ ನುಸುಳುವಂತಿರಲಿಲ್ಲ. ಹೆಣ ಒಯ್ಯುವ ವ್ಯಾನು ಗೇಟಿನಾಚೆ ಕಾಯುತ್ತಿತ್ತು.

"ಸ್ಟಾರ್ಟ್ ಮಾಡ್ಬಿಡಿ ಸಾರ್, ಅರ್ಧ ನಿಮಿಷದ ಕೆಲಸ," ಅಂದ ವ್ಯಾನಿನ ಡ್ರೈವರ್.

"ಆ ಸದ್ದು ನಿಮಗೆ ಗೊತ್ತಿಲ್ಲ. ಸಾವಿನ ಮನೇಲಿ ಅದೊಂದು ಬೇಡ," ಅಂದ ಅಳಿಯ.

ಇದಿಷ್ಟನ್ನೂ ಸತ್ತವರ ಹೆಂಡತಿ ಕಿಟಕಿಯ ಸರಳುಗಳ ನಡುವಿನಿಂದ ತಿಳಿದುಕೊಂಡಳು. ಕೇಳಿ ಅಲ್ಲ, ನೋಡಿ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಆ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕಿವಿಗೆ ಬೀಳುತ್ತಿರಲಿಲ್ಲ. ತುಟಿ ನೋಡಿಕೊಂಡೇ ಹೆಂಗಸರು ಊರಿನ ಸುದ್ದಿಯನ್ನೆಲ್ಲ ಹಂಚಿಕೊಳ್ಳುತ್ತಿದ್ದರು. ಅವಳು ಗಿರಣಿ ಬಿಟ್ಟರೂ ಗಿರಣಿ ಅವಳನ್ನು ಬಿಡಲಿಲ್ಲ. ಕಿವಿ ಒಂದೊಂದೇ ಸದ್ದನ್ನು ಕೈಬಿಡುತ್ತ ಬಂದು, ಎರಡು ವರ್ಷದಿಂದೀಚೆಗೆ ಪೂರಾ ಕದ ಹಾಕಿಕೊಂಡಿತ್ತು. ಈ ಸಂಗತಿ ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಎರಡು ಬೀದಿಯಾಚೆ ಇದ್ದ ಮಗಳು ಕೆಲಸಕ್ಕೆ ಹೋಗುವಾಗ ಕೂಸನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದಳು. ಕಿವುಡಿಯ ಕೈಗೆ ಕೂಸನ್ನು ಯಾರು ಕೊಡುತ್ತಾರೆ?

ಈ ದಿನ ಮಾತ್ರ ಅವಳ ವಿದ್ಯೆಯೆಲ್ಲ ಸೋತುಹೋಗಿತ್ತು. ಸಾವಿನ ಮನೆಗೆ ಬಂದವರು ತಲೆ ತಗ್ಗಿಸಿಕೊಂಡು ಮಾತಾಡುತ್ತಾರೆ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿಯುತ್ತಾರೆ, ತಬ್ಬಿಕೊಂಡು ಹೆಗಲ ಹಿಂದೆ ಏನೋ ಹೇಳುತ್ತಾರೆ. ಬೆಳಗಿನಿಂದ ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಅವಳ ಕತ್ತು ಸೋತಿತ್ತು. ದುಃಖಕ್ಕಿಂತ ದಣಿವೇ ಹೆಚ್ಚಾಗಿದೆಯಲ್ಲ ಎಂದು ತನ್ನ ಮೇಲೆ ತನಗೇ ಬೇಸರವಾಗುತ್ತಿತ್ತು.

ಒಂದು ಪ್ರಶ್ನೆಯನ್ನು ಮಾತ್ರ ಎಲ್ಲರೂ ಮುಖ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು. ಈಗ ಗಂಡನ ಅಕ್ಕ ಕೇಳಿದಳು.

"ಅಲ್ವೇ, ಅಂಗಳದಲ್ಲೇ ಇದ್ದ, ನೀನು ಅಡುಗೆಮನೇಲೇ ಇದ್ದೆ. ಒಂದು ಸಲಾನೂ ಕೂಗ್ಲಿಲ್ವಾ?"

"ಇಲ್ಲ. ಕೂಗಿದ್ರೆ ಕೇಳ್ತಿರ್ಲಿಲ್ವಾ?"

ನಿನ್ನೆಯಿಂದ ಎಷ್ಟು ಸಲ ಹೇಳಿದ್ದಳೋ ಈ ಸುಳ್ಳನ್ನು. ನಿನ್ನೆ ಬೆಳಿಗ್ಗೆ ಅವರು ಕಾರು ಒರೆಸಲೆಂದು ಹೋಗಿದ್ದರು. ಎಷ್ಟು ಹೊತ್ತಾದರೂ ತಿಂಡಿಗೆ ಬರಲಿಲ್ಲವೆಂದು ಇವಳು ಹೋಗಿ ನೋಡಿದರೆ ಡ್ರೈವರ್ ಸೀಟಿನಲ್ಲಿ ಒರಗಿದ್ದರು, ತೊಡೆಯ ಮೇಲೆ ಬಟ್ಟೆ ಹಾಗೇ ಇತ್ತು. ಎದೆಬಡಿತ ನಿಂತುಹೋಗಿದೆ ಅಂದರು ಡಾಕ್ಟರು. ನಿಲ್ಲುವ ಮೊದಲು ಅವರು ಕೂಗಿದರೇ? ಎಷ್ಟು ಸಲ ಕೂಗಿದರು? ಹೆಂಡತಿ ಬರುತ್ತಾಳೆಂದು ಬಾಗಿಲು ನೋಡುತ್ತ ಹೋದರೇ? ಅದನ್ನು ಹೇಳಬಲ್ಲವರು ಒಬ್ಬರೇ ಇದ್ದರು, ಅವರು ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

*

ಊರಿಗೆಲ್ಲ ಅವರು ಕನ್ನಡಕದವರು. ದುಡಿಯುವ ಕಾಲವನ್ನೆಲ್ಲ ಒಂದೇ ಅಂಗಡಿಯಲ್ಲಿ, ಒಂದೇ ಸ್ಟೂಲಿನ ಮೇಲೆ ಕೂತು ಜನರ ಮೂಗಿಗೆ ಫ್ರೇಮು ಕೂರಿಸಿದವರು. ಯಾರೊಂದಿಗೂ ಜೋರಾಗಿ ಮಾತಾಡಿದವರಲ್ಲ. ಅಂಥವರು ನಿವೃತ್ತಿಯ ವರ್ಷ ಗುಜರಿಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಎಳೆಸಿಕೊಂಡು ಬಂದರು. ನೆಲಕ್ಕೆ ಅಂಟಿಕೊಂಡ ಹಾಗಿತ್ತು, ಕೂರಬೇಕಾದರೆ ಬಾವಿಗೆ ಇಳಿದಂತೆ ಇಳಿಯಬೇಕಿತ್ತು. "ಇಬ್ಬರಿಗೇ ಜಾಗ ಇರೋ ಕಾರು ತಗೊಂಡ್ಯಲ್ಲಪ್ಪಾ, ನಾನೆಲ್ಲಿ ಕೂರ್ಲಿ?" ಎಂದು ಮಗಳು ಕೇಳಿದ್ದಳು. "ನಿನಗೆ ಗಂಡ ಇದಾನಲ್ಲ, ಅವನು ತಗೋತಾನೆ," ಅಂದಿದ್ದರು.

ತುಕ್ಕು ಹೋಯಿತು, ಬಣ್ಣ ಬಂತು, ಇಂಜಿನ್ನೂ ಉಸಿರಾಡಿತು. ಕೊನೆಗೆ ಉಳಿದದ್ದು ಸೈಲೆನ್ಸರ್. ಹಳೆಯದು ಜರಡಿಯಾಗಿತ್ತು. ಅದನ್ನು ಆರಿಸಲು ಅವರು ಹೆಂಡತಿಯನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋದರು.

ಆ ಗ್ಯಾರೇಜಿನವನು ಸೈಲೆನ್ಸರ್ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ದಪ್ಪ, ಸಣ್ಣ, ಉದ್ದ, ಗಿಡ್ಡ, ಎಲ್ಲ ಸೂರಿನಿಂದ ಜೋತಾಡುತ್ತಿದ್ದವು. ಒಂದನ್ನು ಕಟ್ಟಿ ಕಾರು ಸ್ಟಾರ್ಟ್ ಮಾಡಿದ. ಗಂಡ ಸೀಟಿನಿಂದ ಅವಳ ಕಡೆ ತಿರುಗಿ ಕೇಳಿದರು: "ಹೇಗಿದೆ?"

ಅವಳಿಗೇನು ಗೊತ್ತು? ಹೆಂಗಸರು ಇಂಥದ್ದಕ್ಕೆ ಏನು ಹೇಳುತ್ತಾರೋ ಅದನ್ನೇ ಹೇಳಿದಳು. "ಅಯ್ಯೋ, ಎಷ್ಟು ಸದ್ದು!"

ಎರಡನೆಯದು ಕಟ್ಟಿದ. "ಇದೂ ಜಾಸ್ತೀನೇ." ಮೂರನೆಯದಕ್ಕೆ ಗಂಡ ಪೆಡಲ್ ಒತ್ತುವುದು ಕಂಡಿತು, ತುಟಿ ಕಚ್ಚಿ ಇನ್ನೊಮ್ಮೆ ಒತ್ತುವುದು ಕಂಡಿತು. ಅವಳು ಎರಡೂ ಕಿವಿ ಮುಚ್ಚಿಕೊಂಡು, "ಅಬ್ಬಬ್ಬಾ, ತಲೆ ಸಿಡಿದುಹೋಗತ್ತೆ, ನಿಲ್ಸಿ!" ಅಂದಳು.

ಗ್ಯಾರೇಜಿನವನು ನಗಲು ಬಾಯಿ ತೆರೆದ. ಗಂಡ ಅವನತ್ತ ಒಂದು ನೋಟ ನೋಡಿದರು, ಅವನ ನಗು ಅರ್ಧಕ್ಕೇ ನಿಂತಿತು. ಆಮೇಲೆ ಗಂಡ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಕಾರಿಗೆ ಬೈದೆನೆಂದು ಮುನಿಸಿಕೊಂಡರು ಅಂದುಕೊಂಡಳು ಅವಳು.

*

ಗೇಟಿನ ಬಳಿ ಮತ್ತೊಮ್ಮೆ ತಳ್ಳಿ, ಮತ್ತೊಮ್ಮೆ ಸೋತರು. ತಳ್ಳುವವರಲ್ಲಿ ಎದುರುಮನೆಯ ಟೈಪಿಸ್ಟರೂ ಇದ್ದರು. ಇದೇ ಕಾರಿನ ಸದ್ದಿಗಾಗಿ ಕನ್ನಡಕದವರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ಮನುಷ್ಯ ಈಗ ಅದರ ಬೆನ್ನಿಗೆ ಹೆಗಲು ಕೊಟ್ಟು ಏದುಸಿರು ಬಿಡುತ್ತಿದ್ದರು.

ಅಷ್ಟರಲ್ಲಿ ಗ್ಯಾರೇಜಿನವನು ಬಂದ. ಒಗೆದ ಅಂಗಿ ಹಾಕಿದ್ದ, ಉಗುರಿನ ಕಪ್ಪು ಮಾತ್ರ ಹೋಗಿರಲಿಲ್ಲ. ಓರೆಯಾಗಿ ನುಸುಳಿ ಒಳಬಂದು, ಪಡಸಾಲೆಯಲ್ಲಿ ಕೈಮುಗಿದು ನಿಂತ. ನಂತರ ಅವಳ ನೇರ ಎದುರಿಗೆ ಬಂದು ಮೊಣಕಾಲೂರಿ ಕೂತ. ಅವನು ಯಾವಾಗಲೂ ಹಾಗೆಯೇ, ಎದುರಿಗೆ ಬಂದು, ನಿಧಾನವಾಗಿ, ಬಾಯಿ ತುಂಬ ಮಾತಾಡುವವನು. ಅದು ಅವನ ರೀತಿ ಅಂದುಕೊಂಡಿದ್ದಳು.

"ಅಕ್ಕಾ, ಅವರಿಂದ ತಳ್ಳಕ್ಕಾಗಲ್ಲ. ನಾನು ಸ್ಟಾರ್ಟ್ ಮಾಡ್ಲಾ?"

"ಏನ್ ಮಾತು ಅಂತ ಆಡ್ತೀಯೋ!" ಗಂಡನ ಅಕ್ಕ ರೇಗಿದಳು. "ತಮ್ಮ ಇನ್ನೂ ಮನೇಲೇ ಇದಾನೆ. ಊರೋರ ಕೈಲೆಲ್ಲ ಬೈಸ್ಕೊಂಡಿದ್ದು ಸಾಲ್ದಾ ಆ ದರಿದ್ರ ಸದ್ದಿಂದ? ವಯಸ್ಸಾದ ಮೇಲೆ ಅದೇನು ಶೋಕಿಯೋ!"

ಅವನು ಸತ್ತವರ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ಶೋಕಿ ಅಲ್ಲಕ್ಕಾ. ಅಣ್ಣ ಹೇಳ್ಬೇಡ ಅಂದಿದ್ರು. ಇನ್ನು ಹೇಳ್ದೆ ಇಟ್ಕೊಂಡು ನಾನೇನ್ ಮಾಡ್ಲಿ? ಅವತ್ತು ಗ್ಯಾರೇಜಲ್ಲಿ, ಮೂರನೇ ಸಲ, ಇಂಜಿನ್ ಆರಿಹೋಗಿತ್ತು. ಸದ್ದೇ ಇರ್ಲಿಲ್ಲ."

ಅವಳ ಕೈ ತಂತಾನೇ ಸೆರಗನ್ನು ಬಿಗಿಯಾಗಿ ಹಿಡಿಯಿತು.

"ಆಮೇಲೆ ಎಷ್ಟು ಬದಲಾಯಿಸಿದ್ರು ಅಂತ ಲೆಕ್ಕ ಇಲ್ಲ. ದಿನಾ ಒಂದು ಕಟ್ಟಿಸ್ಕೊಂಡು ಮನೆಗೆ ತರೋರು, ಅಂಗಳದಲ್ಲಿ ನಿಲ್ಸಿ ಪೆಡಲ್ ಒತ್ತೋರು, ಅಡುಗೆಮನೆ ಬಾಗಿಲು ನೋಡೋರು. ವಾಪಸ್ ಬಂದು, 'ಇದಲ್ಲ ಕಣಯ್ಯಾ, ಇನ್ನೊಂದು ಕೊಡು.' ನನಗೂ ಸಾಕಾಗಿಹೋಗಿತ್ತು. ಜೋರು ಸದ್ದಾದ್ರೆ ಪ್ರಯೋಜನ ಇಲ್ಲ ಅಣ್ಣಾ, ನೆಲ ನಡುಗ್ಬೇಕು ಅಂತ ಕೊನೆಗೆ ಒಂದು ದಪ್ಪ ಡಬ್ಬಿ ಮಾಡಿಕೊಟ್ಟೆ. ಮಾರನೇ ದಿನ ಬಂದ್ರು. 'ಇದೇ ಇರ್ಲಿ. ಅವಳು ಹೊರಗೆ ಬಂದ್ಲು' ಅಂದ್ರು. ಅಷ್ಟು ಖುಷಿಯಾಗಿ ನಾನವರನ್ನ ನೋಡಿರ್ಲಿಲ್ಲ."

*

ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲಿನ ಮುಚ್ಚಳಗಳ ಸಾಲು. ಎರಡು ವರ್ಷದ ಹಿಂದೆ ಒಂದು ಸಂಜೆ ಅವೆಲ್ಲ ಇದ್ದಕ್ಕಿದ್ದಂತೆ ನಡುಗಿದ್ದವು. ಭೂಮಿ ಅಲುಗಿತೇ ಎಂದು ಅವಳು ಹೊರಗೆ ಓಡಿದರೆ ಅಂಗಳದಲ್ಲಿ ಕೆಂಪು ಕಾರು, ಸೀಟಿನಲ್ಲಿ ಗಂಡ, ಮುಖದ ತುಂಬ ನಗು.

"ಕೇಳಿಸ್ತಾ?"

"ಊರಿಗೆಲ್ಲ ಕೇಳ್ಸತ್ತೆ, ನನಗೆ ಕೇಳ್ಸಲ್ವಾ?"

ಅಂದಿನಿಂದ ಅದೊಂದು ಗುಟ್ಟಿನ ಉಪಾಯವಾಯಿತು ಅವಳಿಗೆ. ಮುಚ್ಚಳ ನಡುಗಿದರೆ ಅವರು ಬಂದರು ಅಂತ ಅರ್ಥ. ಎರಡು ಲೋಟ ನೀರು ಒಲೆಗಿಟ್ಟು, ಚಹಾ ಹಿಡಿದು ಬಾಗಿಲಿಗೆ ಹೋಗುವುದು. ಗಂಡನನ್ನು ಎಷ್ಟು ಚೆನ್ನಾಗಿ ಯಾಮಾರಿಸುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದಳು. ಕೂಸು ಮಿಸುಕಿದರೆ ಸಾಕು, ಅವರು ಎದುರಿಗೆ ಬಂದು "ಅಳ್ತಿದೆ ನೋಡು" ಅನ್ನುತ್ತಿದ್ದರು. ಯಾಕೆ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

*

"ಕೀ ಎಲ್ಲಿತ್ತು?" ಅವಳು ಗ್ಯಾರೇಜಿನವನನ್ನು ಕೇಳಿದಳು. ದನಿ ಎಷ್ಟು ಜೋರಾಗಿ ಬಂತೋ, ಸುತ್ತಲಿದ್ದವರು ತಿರುಗಿ ನೋಡಿದರು.

"ಕಾರಲ್ಲೇ ಇದೆ, ಬರೋವಾಗ ನೋಡ್ದೆ. ತಿರುಗಿಸಿಲ್ಲ. ಮೊನ್ನೆ ತಾನೇ ಹೊಸ ಬ್ಯಾಟರಿ ಹಾಕಿದೀವಿ, ಮುಟ್ಟಿದ್ರೆ ಸಾಕು ಏಳ್ತಿತ್ತು." ಅವನು ಇನ್ನಷ್ಟು ನಿಧಾನವಾಗಿ ಹೇಳಿದ. "ನಿಮ್ಮನ್ನ ಕರೀಬೇಕಾದ್ರೆ ಅವರು ಬಾಯಲ್ಲಿ ಕೂಗ್ತಿರ್ಲಿಲ್ಲಕ್ಕಾ."

ನಿನ್ನೆ ಬೆಳಿಗ್ಗೆ ಅವಳು ಆ ಹಲಗೆಯ ಮುಂದೆಯೇ ಕೂತು ಬೇಳೆ ಆರಿಸಿದ್ದಳು. ಮುಚ್ಚಳಗಳು ಕಣ್ಣೆದುರಿಗೇ ಇದ್ದವು. ಒಂದೂ ಅಲುಗಿರಲಿಲ್ಲ. ಕೀ ಅವರ ಬೆರಳಿಗೆ ಎಟುಕುವಲ್ಲೇ ಇತ್ತು, ಅದನ್ನು ತಿರುಗಿಸುವಷ್ಟು ಪುರಸೊತ್ತೂ ಸಿಗಲಿಲ್ಲ. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸ್ವಲ್ಪ ಸರಿಯಿತು, ಸರಿದ ಜಾಗದಲ್ಲಿ ಅಳು ಉಕ್ಕಿತು.

"ಸ್ಟಾರ್ಟ್ ಮಾಡು," ಅಂದಳು.

ಗಂಡನ ಅಕ್ಕ ಏನೋ ಹೇಳಹೊರಟಳು. ಗೇಟಿನಿಂದ ಬಾಗಿಲಿಗೆ ಬಂದಿದ್ದ ಟೈಪಿಸ್ಟರು ಕೈ ಅಡ್ಡ ಹಿಡಿದು, "ಮಾಡ್ಲಿ ಬಿಡಿ. ಇವತ್ತೊಂದಿನ," ಅಂದರು.

ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು. ಹಲಗೆಯ ಮುಂದೆ ನಿಂತಳು. ಪಾದದಡಿ ಮೊದಲು ಗೊತ್ತಾಯಿತು, ಆಮೇಲೆ ಮುಚ್ಚಳಗಳು ಒಂದಕ್ಕೊಂದು ತಾಗಿ ನಡುಗತೊಡಗಿದವು. ಕಣ್ಣೀರಿನಲ್ಲಿ ಅವು ಇಮ್ಮಡಿಯಾಗಿ ಕಂಡವು. ಪಾತ್ರೆ ಎಲ್ಲಿತ್ತೋ, ನೀರು ಯಾವಾಗ ಅಳೆದಳೋ, ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು.

ಯಾರೋ ಹೆಗಲು ಮುಟ್ಟಿದರು. ತಿರುಗಿದರೆ ಮಗಳು. ಎಷ್ಟು ಹೊತ್ತಿನಿಂದ ಬೆನ್ನ ಹಿಂದೆ ನಿಂತು ಕರೆಯುತ್ತಿದ್ದಳೋ, ಮುಖದಲ್ಲಿ ಗಾಬರಿಯಿತ್ತು.

"ನನಗೆ ಕಿವಿ ಕೇಳ್ಸಲ್ಲ ಕಣೇ," ಅಂದಳು ತಾಯಿ. "ಎರಡು ವರ್ಷ ಆಯ್ತು. ಕೂಸಿನ ಆಸೆಗೆ ಬಚ್ಚಿಟ್ಕೊಂಡಿದ್ದೆ. ಇನ್ನು ನೀನು ಏನ್ ಮಾಡ್ತೀಯೋ ಮಾಡು. ನಿಮ್ಮಪ್ಪ ಮಾತ್ರ ನನ್ನ ಕರೀಲಿಲ್ಲ. ಇದು ಸತ್ಯ. ನಾನು ನೋಡ್ತಾನೇ ಇದ್ದೆ."

ಮಗಳು ಬೆಳಕಿಗೆ ಮುಖ ಕೊಟ್ಟು, ತಾಯಿಯ ಎದುರಿಗೆ ಸರಿಯಾಗಿ ನಿಂತುಕೊಂಡಳು.

"ವ್ಯಾನ್ ಒಳಗೆ ಬರ್ತಿದೆಯಮ್ಮಾ. ಬಾ."

ಕಾರು ಗೇಟು ದಾಟಿ ರಸ್ತೆಗಿಳಿದಿರಬೇಕು. ಹಲಗೆಯ ಮೇಲೆ ದೊಡ್ಡ ಮುಚ್ಚಳ ಮೊದಲು ಸುಮ್ಮನಾಯಿತು, ಆಮೇಲೆ ಮಧ್ಯದವು. ತುದಿಯ ಚಿಕ್ಕದೊಂದು ಇನ್ನೂ ಅಲುಗುತ್ತಿತ್ತು. ಮಗಳು ಕೈ ಹಿಡಿದು ಎಳೆದರೂ ಅವಳು ಅದು ನಿಲ್ಲುವ ತನಕ ಕದಲಲಿಲ್ಲ. ಒಲೆಯ ಮೇಲೆ ಎರಡು ಲೋಟ ನೀರು ಕುದಿಯುತ್ತಿತ್ತು.